ನಾನೇ ಉಜ್ಜಿದ ಕಿಟಕಿಗಳು

ಬಡಗಿ ಕೊಟ್ಟ ಎಸ್ಟಿಮೇಟಿನ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಹನ್ನೊಂದು ಮರದ ಕಿಟಕಿಗಳ ರಿಪೇರಿಗೆ ಹದಿನಾಲ್ಕು ಸಾವಿರ ಡಾಲರ್. ಆಗ ನಾವು ಓಡಿಸುತ್ತಿದ್ದ ಕಾರಿಗೂ ಅಷ್ಟು ಕೊಟ್ಟಿರಲಿಲ್ಲ. ಮಂಗಳೂರಿನಲ್ಲಿ ನನ್ನ ಅಪ್ಪ ಬಾವಿ ತೋಡಿಸಿ, ಕಾಂಪೌಂಡು ಹಾಕಿಸಿ ಕಟ್ಟಿದ ಮನೆಗೂ ಅಷ್ಟಾಗಿರಲಿಲ್ಲ.

"ಇದು ಹೊಸ ಕಿಟಕಿಗಳಿಗಾ?" ಎಂದು ಕೇಳಿದೆ.

"ಅಲ್ಲ, ಇರುವುದನ್ನೇ ಸರಿಮಾಡುವುದಕ್ಕೆ," ಎಂದರು ಅವರು.

ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ವಾಷಿಂಗ್ಟನ್ನಿನಲ್ಲೇ ಹುಟ್ಟಿ ಬೆಳೆದ ಕರಿಯ ಜನಾಂಗದ ಹಿರಿಯರು. ಹಳೆಯ ಕಿಟಕಿಗಳನ್ನು ಬಿಟ್ಟರೆ ಬೇರೆ ಕೆಲಸ ಹಿಡಿಯುತ್ತಿರಲಿಲ್ಲ. ಬಾಗಿಲಲ್ಲಿ ನಮ್ಮ ಚಪ್ಪಲಿಗಳನ್ನು ಕಂಡು, ನಾವು ಹೇಳುವ ಮೊದಲೇ ಬೂಟು ಬಿಚ್ಚಿಟ್ಟು ಒಳಗೆ ಬಂದಿದ್ದರು. ಒಂದೊಂದು ಕಿಟಕಿಯ ಮುಂದೆಯೂ ಹತ್ತು ನಿಮಿಷ ನಿಂತು, ಮರವನ್ನು ಸಣ್ಣ ಮೊಳೆಯಿಂದ ಚುಚ್ಚಿ ನೋಡಿ ಬರೆದುಕೊಂಡಿದ್ದರು.

ಅದು 2004ರ ಫೆಬ್ರವರಿ. ನಮ್ಮದು ಕ್ಯಾಪಿಟಲ್ ಹಿಲ್‌ನಲ್ಲಿ ಅಕ್ಕಪಕ್ಕದ ಗೋಡೆಗಳಿಗೆ ಅಂಟಿಕೊಂಡ ನೂರು ವರ್ಷದ ಇಟ್ಟಿಗೆ ಮನೆ. ಪರಿಚಯದವರೆಲ್ಲ ನಗರದಾಚೆ ಕ್ಲಾರ್ಕ್ಸ್‌ಬರ್ಗ್‌ನ ಕಡೆ ಹೊಸ ಮನೆ ಬುಕ್ ಮಾಡುತ್ತಿದ್ದಾಗ ನಾವಿಬ್ಬರೂ ಹಟ ಹಿಡಿದು ಇದನ್ನು ಕೊಂಡಿದ್ದೆವು. ನನ್ನ ಗಂಡ ಒಂದು ಅಂತರರಾಷ್ಟ್ರೀಯ ಸಾಲ ಸಂಸ್ಥೆಯಲ್ಲಿ ಅರ್ಥಶಾಸ್ತ್ರಜ್ಞ. ಮೆಟ್ರೋ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಆಫೀಸು. ನಾನು ಮೇರಿಲ್ಯಾಂಡಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಪಾಠ ರಸಾಯನಶಾಸ್ತ್ರದ್ದು. ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ. ಅವಳನ್ನು ನೋಡಿಕೊಳ್ಳಲು ಉಡುಪಿಯಿಂದ ಅತ್ತೆ ಬಂದಿದ್ದರು.

ಆ ಮನೆಯ ಕಿಟಕಿಗಳು ನಮ್ಮ ಕಡೆಯವುಗಳ ಹಾಗೆ ಹೊರಗೆ ತೆರೆದುಕೊಳ್ಳುವಂಥವಲ್ಲ. ಗಾಜು ಕೂರಿಸಿದ ಎರಡು ಮರದ ಚೌಕಟ್ಟುಗಳು ಒಂದರ ಹಿಂದೊಂದು ಮೇಲೆ ಕೆಳಗೆ ಜಾರುತ್ತವೆ. ಅವನ್ನು ಎತ್ತಿದ ಜಾಗದಲ್ಲೇ ನಿಲ್ಲಿಸಲು ಎರಡೂ ಬದಿಯ ಗೋಡೆಯೊಳಗೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ತೂಕಗಳು ನೇತಾಡುತ್ತಿರುತ್ತವೆ. ನಮ್ಮವುಗಳಲ್ಲಿ ಅರ್ಧಕ್ಕರ್ಧ ಹಗ್ಗಗಳು ಹರಿದಿದ್ದವು. ಮುಚ್ಚಿದ ಕಿಟಕಿಯ ಪರದೆಯೂ ಚಳಿಗಾಳಿಗೆ ಅಲುಗುತ್ತಿತ್ತು. ಜನವರಿಯಲ್ಲಿ ಒಂದು ದಿನ ಮಲಗುವ ಕೋಣೆಯ ಕಿಟಕಿ ಇದ್ದಕ್ಕಿದ್ದಂತೆ ಜಾರಿ ನನ್ನ ಗಂಡನ ಬೆರಳುಗಳ ಮೇಲೆ ಬಿತ್ತು. ಎರಡು ಉಗುರು ಕಪ್ಪಾದವು. ಮಗುವಿನ ಕೈ ಅಲ್ಲಿದ್ದಿದ್ದರೆ ಎಂದು ಹೆದರಿ ಬಡಗಿಯನ್ನು ಕರೆಸಿದ್ದೆವು.

"ಪ್ಲಾಸ್ಟಿಕ್ಕಿನದು ಹಾಕಿಸಿಬಿಡೋಣ. ಅರ್ಧಕ್ಕಿಂತ ಕಮ್ಮಿಗೆ ಆಗುತ್ತೆ," ಎಂದರು ನನ್ನ ಗಂಡ, ಬಡಗಿ ಹೋದ ಮೇಲೆ.

ಆದರೆ ನಮ್ಮದು ಹಳೆಯ ಕಟ್ಟಡಗಳನ್ನು ಕಾಪಾಡುವ ಕಾನೂನಿರುವ ಬಡಾವಣೆ. ಬೀದಿಗೆ ಕಾಣುವ ಕಿಟಕಿ ಬದಲಿಸಲು ಅನುಮತಿ ಬೇಕು. ಬದಲಿಸಿದರೂ ಅದೇ ಅಳತೆಯ, ಅದೇ ವಿನ್ಯಾಸದ ಮರದ್ದೇ ಆಗಬೇಕು. ಅದರ ಬೆಲೆ ವಿಚಾರಿಸಿದರೆ ಬಡಗಿಯ ಎಸ್ಟಿಮೇಟೇ ಸೋವಿ ಅನ್ನಿಸಿತು.

ಅವತ್ತು ಆ ಕಾಗದವನ್ನು ಹರಡಿಕೊಂಡು ಕೂತು ಎಲ್ಲಿ ಕಡಿಮೆ ಮಾಡಬಹುದೆಂದು ನೋಡಿದೆ. ಒಂದು ಸಾಲು ಕಣ್ಣಿಗೆ ಬಿತ್ತು. ಹಳೆಯ ಪೇಂಟಿನಲ್ಲಿ ಸೀಸ ಇರುತ್ತದೆ. ಅದಕ್ಕಾಗಿ ಕೋಣೆಗೆ ಪ್ಲಾಸ್ಟಿಕ್ ಹೊದಿಸುವುದು, ಮರವನ್ನು ಒದ್ದೆ ಮಾಡಿಯೇ ಕೆರೆಯುವುದು, ಧೂಳನ್ನು ವಿಶೇಷ ಯಂತ್ರದಿಂದ ಎಳೆಯುವುದು. ಇಷ್ಟಕ್ಕೇ ಮೂರು ಸಾವಿರ. ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿ ಬಡಗಿಗೆ ಫೋನ್ ಮಾಡಿದೆ. ಇದನ್ನು ಬಿಟ್ಟು ಮಾಡಿಕೊಡುತ್ತೀರಾ ಎಂದು ಕೇಳಿದೆ.

"ಅದನ್ನು ಬಿಟ್ಟು ನಾನು ಕೆಲಸ ಮಾಡುವುದಿಲ್ಲ. ನಿಮ್ಮ ಮನೆಯಲ್ಲಿ ಮಗು ಇದೆ. ನೀವೂ ಸ್ವತಃ ಉಜ್ಜಲು ಹೋಗಬೇಡಿ," ಎಂದರು.

ಮಗುವನ್ನು ಮುಂದಿಟ್ಟುಕೊಂಡು ಹೆದರಿಸಿ ದುಡ್ಡು ಕೀಳುತ್ತಿದ್ದಾರೆ ಎಂದುಕೊಂಡೆ. ಆಮೇಲೆ ತಿಳಿಸುತ್ತೇನೆ ಎಂದು ಹೇಳಿ ಫೋನ್ ಇಟ್ಟೆ.

ಮರ ಎಂದರೆ ನನಗೆ ಗೊತ್ತು ಎಂಬ ಜಂಬವೂ ನನಗಿತ್ತು. ಅಪ್ಪನಿಗೆ ಮರದ ಮಿಲ್ಲಿತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಬೆಳೆದವಳು. ವಾಸನೆಯಿಂದಲೇ ಹಲಸು ಯಾವುದು, ಹೆಬ್ಬಲಸು ಯಾವುದು ಎಂದು ಹೇಳುತ್ತಿದ್ದೆ. "ನಾನೇ ಮಾಡ್ತೇನೆ. ಕಾಲೇಜಿಗೆ ಸ್ಪ್ರಿಂಗ್ ಬ್ರೇಕ್ ರಜೆ ಬರ್ತಾ ಇದೆಯಲ್ಲ," ಎಂದು ಗಂಡನಿಗೆ ಹೇಳಿದೆ. ಅವರಿಗೆ ಸಮಾಧಾನವೇ ಆಯಿತು. ಬಡಗಿ ಹೇಳಿದ್ದನ್ನು ಅವರಿಗೆ ಹೇಳಲಿಲ್ಲ. ಹೊಡೆದುಹಾಕಿದ ಕಾಗದವನ್ನು ಡ್ರಾಯರಿಗೆ ಹಾಕಿದೆ.

ಮಾರ್ಚಿನಲ್ಲಿ ಮರ ಉಜ್ಜುವ ಒಂದು ವಿದ್ಯುತ್ ಸ್ಯಾಂಡರ್ ತಂದು ಮೂರು ವಾರ ದುಡಿದೆ. ಸ್ಪ್ರಿಂಗ್ ಬ್ರೇಕಿನ ವಾರವಿಡೀ, ಉಳಿದ ಎರಡು ವಾರ ಶನಿವಾರ ಭಾನುವಾರ. ಆ ಕೆಲಸ ನನಗೆ ಎಷ್ಟು ಖುಷಿ ಕೊಟ್ಟಿತೆಂದು ಈಗ ಹೇಳಲು ನಾಚಿಕೆಯಾಗುತ್ತದೆ. ಬಿಳಿ, ಹಸಿರು, ಮತ್ತೆ ಬಿಳಿ, ಅದರ ಕೆಳಗೆ ಕಾಫಿ ಬಣ್ಣ. ಪದರ ಪದರವಾಗಿ ಪೇಂಟು ಹೋಗುತ್ತ ಕೊನೆಗೆ ಕೆಂಪುಹಳದಿ ಪೈನ್ ಮರ ಹೊರಗೆ ಬರುತ್ತಿತ್ತು. ಒಂದು ಗಂಟೂ ಇಲ್ಲದ, ಒತ್ತೊತ್ತಾದ ಗೆರೆಗಳ ಮರ. ಅಪ್ಪ ನೋಡಿದ್ದರೆ ಸವರದೆ ಬಿಡುತ್ತಿರಲಿಲ್ಲ. ನನಗೆ ಧೂಳು ಆಗುವುದಿಲ್ಲ, ಕೆಮ್ಮು ಬರುತ್ತದೆ. ಅದಕ್ಕೆ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳುತ್ತಿದ್ದೆ. ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕೆಲಸ ಮುಗಿದ ಮೇಲೆ ಬಾಗಿಲು ತೆರೆದರೆ ಮಗಳು ಓಡಿ ಬರುತ್ತಿದ್ದಳು. ಅದೇ ಬಟ್ಟೆಯಲ್ಲಿ ಅವಳನ್ನು ಎತ್ತಿಕೊಳ್ಳುತ್ತಿದ್ದೆ.

ಅತ್ತೆ ಹಿಂದಿನಿಂದ ಬಂದು ಪೊರಕೆಯಿಂದ ಗುಡಿಸುತ್ತಿದ್ದರು. "ಎಂತ ಧೂಳು ಮಾರಾಯ್ತಿ, ಅಕ್ಕಿ ಹಿಟ್ಟಿನ ಹಾಗೆ ಉಂಟು," ಎನ್ನುತ್ತಿದ್ದರು. ಮಧ್ಯಾಹ್ನ ಮಗಳನ್ನು ಬೀದಿಯ ಕಡೆಯ ಕಿಟಕಿಯ ಅಗಲ ಹಲಗೆಯ ಮೇಲೆ ನಿಲ್ಲಿಸಿ, ಹೋಗುವ ಬಸ್ಸು, ನಾಯಿ ಎಲ್ಲ ತೋರಿಸುತ್ತ ಅನ್ನ ಸಾರು ಉಣ್ಣಿಸುತ್ತಿದ್ದರು. ಮಗಳು ಚೌಕಟ್ಟಿಗೆ ಬಾಯಿ ಹಚ್ಚಿ ಹೊರಗೆ ನೋಡುತ್ತಿದ್ದಳು. ಹಲ್ಲು ಬರುವ ಮಕ್ಕಳು ಏನನ್ನಾದರೂ ಕಚ್ಚುತ್ತವೆ ಎಂದು ನಾವು ನಗುತ್ತಿದ್ದೆವು.

ಏಪ್ರಿಲಿನಲ್ಲಿ ಎರಡು ವರ್ಷದ ತಪಾಸಣೆಗೆ ಕರೆದುಕೊಂಡು ಹೋದೆವು. ಮಕ್ಕಳ ಡಾಕ್ಟರು ನಮ್ಮ ಕಡೆಯವರೇ, ಅರವತ್ತರ ದಶಕದ ಕೊನೆಯಲ್ಲಿ ಈ ದೇಶಕ್ಕೆ ಬಂದು ನೆಲೆಸಿದವರು. ನಾವೆಲ್ಲ ಅವರನ್ನು ಡಾಕ್ಟರ್ ಅಂಕಲ್ ಎನ್ನುತ್ತಿದ್ದೆವು. ಆ ವಯಸ್ಸಿನ ಮಕ್ಕಳಿಗೆಲ್ಲ ಮಾಡುವ ಹಾಗೆ ರಕ್ತ ತೆಗೆದುಕೊಂಡರು. ನಾಲ್ಕನೆಯ ದಿನ ಕಾಲೇಜಿಗೆ ಅವರೇ ಫೋನ್ ಮಾಡಿದರು.

"ಕ್ಲಾಸ್ ಮುಗೀತಾ? ಮುಗಿದ ಮೇಲೇ ಮಾತಾಡೋಣ ಅಂತ ಕಾದೆ," ಎಂದರು. "ಮಗುವಿನ ರಕ್ತದಲ್ಲಿ ಸೀಸ ಜಾಸ್ತಿ ಇದೆಯಮ್ಮಾ. ಹತ್ತರ ಒಳಗಿರಬೇಕು. ಇಪ್ಪತ್ತಮೂರು ಬಂದಿದೆ. ಲ್ಯಾಬಿನವರ ತಪ್ಪಿರಬಹುದು ಅಂತ ಎರಡನೇ ಸಲ ಮಾಡಿಸಿದೆ. ಅದೇ ಬಂತು."

ನನ್ನ ಹಿಂದಿನ ಗೋಡೆಯ ಮೇಲೆ ಮೂಲವಸ್ತುಗಳ ದೊಡ್ಡ ಕೋಷ್ಟಕವಿತ್ತು. ಸೀಸ ಎಂಬತ್ತೆರಡನೆಯದು. ಅದು ದೇಹದಲ್ಲಿ ಕ್ಯಾಲ್ಸಿಯಮ್ಮಿನ ವೇಷ ಹಾಕಿ ಮೂಳೆಗೂ ಮಿದುಳಿಗೂ ಹೊಗುತ್ತದೆ ಎಂದು ನಾನೇ ಪ್ರತಿ ಸೆಮಿಸ್ಟರ್ ಪಾಠ ಮಾಡುತ್ತಿದ್ದೆ.

"ನೀರು ಅಂಕಲ್, ನೀರಿಂದ ಇರ್ಬೇಕು," ಎಂದೆ. ಆ ವರ್ಷ ನಗರದ ನಲ್ಲಿ ನೀರಿನಲ್ಲಿ ಸೀಸ ಸಿಕ್ಕಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. ನಾವು ನಲ್ಲಿಗೆ ಫಿಲ್ಟರ್ ಹಾಕಿಸಿ, ಮಗಳ ಗಂಜಿಯನ್ನೂ ಬಾಟಲಿ ನೀರಿನಲ್ಲೇ ಮಾಡುತ್ತಿದ್ದೆವು. ಅದನ್ನೂ ಹೇಳಿದೆ. ಹೇಳುತ್ತಿದ್ದ ಹಾಗೆ ನನ್ನ ಮಾತಿಗೆ ನಾನೇ ಉತ್ತರ ಕೊಡುತ್ತಿದ್ದೇನೆ ಎಂದು ಗೊತ್ತಾಯಿತು.

ಡಾಕ್ಟರ್ ಅಂಕಲ್, "ಮನೆಯಲ್ಲಿ ಏನಾದ್ರೂ ಪೇಂಟಿಂಗ್, ರಿಪೇರಿ ಮಾಡ್ಸಿದ್ರಾ?" ಎಂದು ಕೇಳಿದರು.

ಮುಂದಿನ ಕ್ಲಾಸಿಗೆ ವಿದ್ಯಾರ್ಥಿಗಳು ಬರತೊಡಗಿದ್ದರು. ಕಾರಿನ ಕೀಲಿ ಕೈಯಲ್ಲೇ ಇದ್ದರೂ ಅದನ್ನು ಬ್ಯಾಗಿನಲ್ಲಿ ಹುಡುಕಿದ್ದು ನೆನಪಿದೆ. ಮನೆಗೆ ಹೇಗೆ ಡ್ರೈವ್ ಮಾಡಿದೆನೋ ನೆನಪಿಲ್ಲ.

ಡಾಕ್ಟರ್ ಅಂಕಲ್ ತಿಳಿಸಿದ್ದರಿಂದ ಮರುದಿನ ನಗರದ ಆರೋಗ್ಯ ಇಲಾಖೆಯಿಂದ ಒಬ್ಬ ಹೆಂಗಸು ಬಂದರು. ಅವರ ಕೈಯಲ್ಲಿ ಪಿಸ್ತೂಲಿನಂಥ ಒಂದು ಯಂತ್ರ. ಅದನ್ನು ಗೋಡೆಗೆ, ಬಾಗಿಲಿಗೆ ಒತ್ತಿ ಹಿಡಿದರೆ ಪೇಂಟಿನ ಅಡಿಯ ಸೀಸ ಎಷ್ಟೆಂದು ತೋರಿಸುತ್ತದೆ. ಗೋಡೆಗಳಲ್ಲಿ ಏನೂ ಬರಲಿಲ್ಲ. ಕಿಟಕಿಯ ಹಲಗೆಗೆ ಒತ್ತಿದಾಗ ಅವರು ಯಂತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಒದ್ದೆ ಕಾಗದದಿಂದ ಕಿಟಕಿಯ ಕೆಳಗಿನ ನೆಲ ಒರೆಸಿ ಸಣ್ಣ ಟ್ಯೂಬಿಗೆ ಹಾಕಿಕೊಂಡರು. ಮಗಳ ಕೋಣೆಯ ನೆಲವನ್ನೂ, ಮಂಚದ ಕಟಕಟೆಯನ್ನೂ, ಅವಳ ಬಟ್ಟೆಯ ಆನೆಯನ್ನೂ ಒರೆಸಿದರು.

"ಇದನ್ನು ಒಣಗಿದ್ದಾಗಲೇ ಉಜ್ಜಿದ್ದಾರೆ. ಯಾವ ಕಂಪನಿಯವರು ಮಾಡಿದ್ದು?"

"ನಾನು," ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿದರು. ಬಯ್ಯಲಿಲ್ಲ. "ಇವತ್ತೇ ಮಗುವನ್ನು ಇಲ್ಲಿಂದ ಕರೆದುಕೊಂಡು ಹೋಗಿ. ಬಟ್ಟೆಗಳನ್ನು ತೆಗೆದುಕೊಳ್ಳಬೇಡಿ. ಆಟದ ಸಾಮಾನೂ ಬೇಡ," ಎಂದರು.

ಒಂದು ಗಂಟೆಯೊಳಗೆ ಮನೆ ಬಿಟ್ಟೆವು. ಕ್ಲಾರ್ಕ್ಸ್‌ಬರ್ಗ್‌ನಲ್ಲಿ ನಮ್ಮ ಗೆಳೆಯರ ಕುಟುಂಬವೊಂದು ಆಗಷ್ಟೇ ಹೊಸ ಮನೆಗೆ ಬಂದಿತ್ತು. ಹೆಚ್ಚು ಏನೂ ಕೇಳದೆ ಬೇಸ್‌ಮೆಂಟನ್ನು ನಮಗೆ ಬಿಟ್ಟುಕೊಟ್ಟರು. ಆ ಮನೆಯ ಕಿಟಕಿಗಳು ಬಿಳಿ ಪ್ಲಾಸ್ಟಿಕ್ಕಿನವು. ಒಂದು ಬೆರಳಿನಿಂದ ಎತ್ತಬಹುದಿತ್ತು. ಮಗಳು ಆನೆ ಬೇಕೆಂದು ಮೂರು ದಿನ ಅತ್ತಳು.

ಅವಳಿಗೆ ಔಷಧವೆಂದು ಕೊಡುವಂಥದ್ದು ಏನೂ ಇರಲಿಲ್ಲ. ಸೀಸದಿಂದ ದೂರ ಇಡಬೇಕು, ಕಬ್ಬಿಣಾಂಶದ ಹನಿ ಹಾಕಬೇಕು, ಹಾಲು, ರಾಗಿ ಚೆನ್ನಾಗಿ ತಿನ್ನಿಸಬೇಕು, ಮತ್ತೆ ಮತ್ತೆ ರಕ್ತ ನೋಡಬೇಕು. "ನಂಬರ್ ಇಳಿಯುತ್ತೆ," ಎಂದರು ಡಾಕ್ಟರ್ ಅಂಕಲ್. "ಮಿದುಳಿಗೆ ಏನಾದ್ರೂ ಆಗಿದೆಯಾ ಅಂತ ಕೇಳ್ಬೇಡ. ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗಲ್ಲ."

ಅತ್ತೆ ಎರಡನೆಯ ದಿನದಿಂದ ಮಗಳಿಗೆ ಉಣ್ಣಿಸುವುದನ್ನು ನಿಲ್ಲಿಸಿದರು. ನಾನು ತಟ್ಟೆ ಕೊಟ್ಟರೆ ಕೈ ಹಿಂದೆ ತೆಗೆದುಕೊಂಡರು.

"ನನ್ನ ಕೈಯಿಂದ ಬೇಡ. ನಾನೇ ಅಲ್ವಾ ಅದನ್ನು ಕಿಟಕಿಯಲ್ಲಿ ನಿಲ್ಲಿಸಿದ್ದು. ದಿನಾ ಗುಡಿಸಿ ಧೂಳು ಎಬ್ಬಿಸಿದ್ದೂ ನಾನೇ," ಎಂದರು.

ನಾನು ಏನು ಹೇಳಬೇಕಾಗಿತ್ತು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಅದನ್ನು ಹೇಳಲಿಲ್ಲ. "ಹಾಗೆಲ್ಲ ಅಂದ್ಕೊಳ್ಬೇಡಿ ಅತ್ತೆ," ಎಂದಷ್ಟೇ ಹೇಳಿ ತಟ್ಟೆ ಹಿಂದೆ ತೆಗೆದುಕೊಂಡೆ. ಅದೇ ದಿನ ನನ್ನ ಗಂಡ ಕೇಳಿದರು:

"ಆ ಬಡಗಿ ಇದರ ಬಗ್ಗೆ ಏನೂ ವಾರ್ನ್ ಮಾಡ್ಲಿಲ್ವಾ?"

"ಇಲ್ಲ," ಎಂದೆ.

ಅದು ಬಾಯಿಂದ ಅಷ್ಟು ಸಲೀಸಾಗಿ ಬಂತು. ಫೋನಿನಲ್ಲಿ ಇಪ್ಪತ್ತಮೂರು ಎಂದು ಕೇಳಿದಾಗ ಆದ ಆಘಾತ ಒಂದು ಬಗೆಯದು. ಇದು ಬೇರೆ. ತಪ್ಪು ಮಾಡುವವಳು ನಾನು ಎಂದು ಒಪ್ಪಿಕೊಳ್ಳಬಲ್ಲೆ. ಆದರೆ ಅರವತ್ತೆಂಟು ವರ್ಷದ ಹೆಂಗಸಿನ ಮೇಲೆ ನನ್ನ ತಪ್ಪು ಹೋಗಿ ಕೂತದ್ದನ್ನು ನೋಡುತ್ತ ನೆಮ್ಮದಿಯಿಂದ ಉಸಿರಾಡುವವಳು ನಾನು ಎಂದು ನನಗೆ ಗೊತ್ತಿರಲಿಲ್ಲ.

ಐದು ದಿನ ಹಾಗೇ ಇದ್ದೆ. ಆರನೆಯ ದಿನ ಸಂಜೆ ಬೇಸ್‌ಮೆಂಟಿಗೆ ಇಳಿದಾಗ ಅತ್ತೆ ಮೇಲಿನಿಂದ ಕೇಳಿ ತಂದ ಒಂದು ಸೂಟ್‌ಕೇಸ್ ಮುಂದೆ ಕೂತಿದ್ದರು. ಊರಿಂದ ತಂದ ಬಟ್ಟೆಯೆಲ್ಲ ನಮ್ಮ ಮನೆಯಲ್ಲೇ ಉಳಿದಿತ್ತು, ಸೂಟ್‌ಕೇಸಿನಲ್ಲಿ ಗೆಳೆಯರ ಮನೆಯವರು ಕೊಟ್ಟ ಎರಡು ಸೀರೆ ಬಿಟ್ಟರೆ ಏನೂ ಇರಲಿಲ್ಲ. ಅವನ್ನೇ ಮಡಿಸಿ ಮಡಿಸಿ ಇಡುತ್ತಿದ್ದರು. ಟಿಕೆಟ್ ಮುಂಚಿನ ತಾರೀಕಿಗೆ ಬದಲಿಸಲು ಮಗನಿಗೆ ಹೇಳಿದ್ದರಂತೆ.

ನಾನು ಅವರ ಪಕ್ಕ ನೆಲದ ಮೇಲೆ ಕೂತು ಗಂಡನನ್ನೂ ಕೆಳಗೆ ಕರೆದೆ. ಎಸ್ಟಿಮೇಟಿನಲ್ಲಿ ಆ ಸಾಲು ಇದ್ದದ್ದು, ನಾನು ಅದನ್ನು ಹೊಡೆದುಹಾಕಿದ್ದು, ನೀವೇ ಉಜ್ಜಬೇಡಿ ಎಂದು ಬಡಗಿ ಸ್ಪಷ್ಟವಾಗಿ ಹೇಳಿದ್ದು, ಎಲ್ಲ ಹೇಳಿದೆ. ಮಾಸ್ಕ್ ನಾನು ಮಾತ್ರ ಕಟ್ಟಿಕೊಂಡಿದ್ದೆ ಎಂಬುದನ್ನು ಯಾರೂ ಕೇಳದಿದ್ದರೂ ಹೇಳಿದೆ.

ಮೇಲೆ ಗೆಳೆಯರ ಮಕ್ಕಳು ಓಡಾಡುವ ಸದ್ದು ಕೇಳುತ್ತಿತ್ತು.

ಅತ್ತೆ ಸೂಟ್‌ಕೇಸನ್ನು ಮುಚ್ಚಿದರು. "ಇಷ್ಟು ದಿನ ನನ್ನನ್ನು ಹಾಗೇ ಬಿಟ್ಟೆಯಲ್ಲ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ, "ಮಗುವಿಗೆ ಊಟದ ಹೊತ್ತಾಯ್ತು. ಎಲ್ಲುಂಟು ಅದು?" ಎಂದು ಎದ್ದರು. ಟಿಕೆಟ್ ಬದಲಿಸಲಿಲ್ಲ.

ನನ್ನ ಗಂಡ ಎರಡು ದಿನ ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದರು. ಮೂರನೆಯ ದಿನ ಕಾರಿನಲ್ಲಿ ಹೇಳಿದರು: "ನೀನು ಉಜ್ಜಿದ್ದಕ್ಕಲ್ಲ. ದುಡ್ಡು ಉಳಿಯುತ್ತೆ ಅಂತ ನಾನೂ ಖುಷಿಪಟ್ಟಿದ್ದೆ. ಕೇಳಿದಾಗ 'ಇಲ್ಲ' ಅಂದ್ಯಲ್ಲ, ಅದು." ಅವರು ಮತ್ತೆ ಆ ಮಾತೆತ್ತಲಿಲ್ಲ. ಆದರೆ ಆಮೇಲೆ ಎಷ್ಟೋ ತಿಂಗಳು, ನಾನು ಯಾವುದೋ ಚಿಕ್ಕ ವಿಷಯ ಹೇಳಿದಾಗಲೂ, ಅವರು ಒಂದು ಕ್ಷಣ ತಡೆದು ನನ್ನ ಮುಖ ನೋಡುತ್ತಿದ್ದರು.

ಬಡಗಿಗೆ ಫೋನ್ ಮಾಡಲು ನನಗೆ ಇನ್ನೊಂದು ವಾರ ಬೇಕಾಯಿತು. ಮಾಡಿದಾಗ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ನಾನು ಹೇಳಿರಲಿಲ್ಲವೇ ಎಂದು ಅವರು ಕೇಳುತ್ತಾರೆ ಎಂದು ಕಾಯುತ್ತಿದ್ದೆ. ಅವರು ಕೇಳಿದ್ದು ಬೇರೆ.

"ಮಗು ಊಟ ಮಾಡುತ್ತಿದೆಯಾ?"

"ಮಾಡುತ್ತಿದೆ."

"ಹಾಗಾದರೆ ಸೋಮವಾರ ಬರುತ್ತೇನೆ," ಎಂದರು.

ಈಗ ಕಿಟಕಿಗಳ ಮುಂಚೆ ಮನೆಯನ್ನೇ ತೊಳೆಯಬೇಕಿತ್ತು. ಅದಕ್ಕೆ ಬೇರೆಯೇ ಜನ ಬಂದರು. ಮೈಯೆಲ್ಲ ಮುಚ್ಚುವ ಬಿಳಿ ಬಟ್ಟೆ ಹಾಕಿಕೊಂಡು ಸೀಲಿಂಗಿನಿಂದ ನೆಲದವರೆಗೆ ಧೂಳೆಳೆದು, ಒರೆಸಿ, ಮತ್ತೆ ಧೂಳೆಳೆದರು. ನಮ್ಮ ಹಾಸಿಗೆಗಳು, ಜಮಖಾನ, ಮಗಳ ಬಟ್ಟೆಗಳು ಎಲ್ಲ ದಪ್ಪ ಚೀಲಗಳಲ್ಲಿ ಹೊರಟುಹೋದವು. ಒಟ್ಟು ಖರ್ಚು ಮೊದಲಿನ ಎಸ್ಟಿಮೇಟಿನ ಎರಡರಷ್ಟಾಯಿತು. ಆ ಹೊತ್ತಿಗೆ ಯಾವ ಅಂಕೆಯೂ ನನ್ನನ್ನು ಬೆಚ್ಚಿಬೀಳಿಸುತ್ತಿರಲಿಲ್ಲ. ಚೆಕ್ ಬರೆಯುತ್ತಿದ್ದೆ, ಅಷ್ಟೇ.

ಬಡಗಿ ಜೂನ್ ಕೊನೆಯವರೆಗೂ ಕೆಲಸ ಮಾಡಿದರು. ನಾನು ಒಂದೆರಡು ಸಲ ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ಮರಕ್ಕೆ ನೀರು ಚಿಮುಕಿಸಿ, ಕೆರೆದ ಪೇಂಟು ಒದ್ದೆ ಸಿಪ್ಪೆಯಾಗಿ ಪ್ಲಾಸ್ಟಿಕ್ಕಿನ ಮೇಲೆ ಬೀಳುವ ಹಾಗೆ ಕೆರೆಯುತ್ತಿದ್ದರು. ಅಷ್ಟು ನಿಧಾನ, ಅಷ್ಟು ಮೌನದ ಕೆಲಸ. ಒಂದು ಕಿಟಕಿಗೆ ಎರಡು ದಿನ ಹಿಡಿಯುತ್ತಿತ್ತು. ನಾನು ದಿನಕ್ಕೊಂದು ಮುಗಿಸಿದ್ದೆ.

ಜುಲೈಯಲ್ಲಿ ಮನೆಗೆ ವಾಪಸಾದೆವು. ಅತ್ತೆ ಆಗಸ್ಟಿನಲ್ಲಿ ಊರಿಗೆ ಹೋದರು. ಮಗಳ ನಂಬರ್ ಮೂರು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಇಳಿಯಿತು. ಹತ್ತರ ಕೆಳಗೆ ಬರುವಾಗ ಅವಳಿಗೆ ಮೂರೂವರೆ. ಪ್ರತಿ ಸಲ ಸೂಜಿ ಕಂಡಾಗ ನನ್ನ ಕುತ್ತಿಗೆಗೆ ಮುಖ ಒತ್ತುತ್ತಿದ್ದಳು. ಶಾಲೆಗೆ ಸೇರಿದ ಮೇಲೆ ಓದು ಬರಹದಲ್ಲಿ ಎಲ್ಲರಂತೆ ಇದ್ದಾಳೆ ಎಂದು ಟೀಚರ್ ಹೇಳಿದರು. ಅವಳು ಕನ್ನಡದ ಒಂದು ಮಾತು ಮರೆತು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ, ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಮಾಡುವುದೇ ಹಾಗೆ ಎಂದು ಗೊತ್ತಿದ್ದರೂ, ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತಿತ್ತು. ಎರಡು ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡರೂ ಅಷ್ಟೇ. ಅವಳಿಗೆ ಇದು ಯಾವುದೂ ಗೊತ್ತಿರಲಿಲ್ಲ.

2008ರಲ್ಲಿ ನನ್ನ ಗಂಡನಿಗೆ ಅಟ್ಲಾಂಟಾದ ಒಂದು ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿ, ಮನೆ ಮಾರಬೇಕಾಯಿತು. ಹಳೆಯ ಮನೆ ಮಾರುವವರು ಸೀಸದ ಪೇಂಟಿನ ಬಗ್ಗೆ ತಮಗೆ ಗೊತ್ತಿರುವುದನ್ನು ಒಂದು ಫಾರಂನಲ್ಲಿ ಬರೆದುಕೊಡಬೇಕು. ಗೊತ್ತಿಲ್ಲ ಎಂಬ ಚೌಕಕ್ಕೆ ಗುರುತು ಹಾಕಿ ಸಹಿ ಮಾಡುವವರೇ ಹೆಚ್ಚು ಎಂದು ಏಜೆಂಟ್ ಹೇಳಿದಳು. ನಾವು ಬರೆದದ್ದು ಆ ಫಾರಂನಲ್ಲಿ ಹಿಡಿಸಲಿಲ್ಲ, ಇನ್ನೊಂದು ಹಾಳೆ ಸೇರಿಸಿದೆವು.

ಮೊದಲು ನೋಡಲು ಬಂದವರಲ್ಲಿ ಒಬ್ಬ ತುಂಬು ಬಸುರಿ ಇದ್ದಳು. ಮುಂದಿನ ಕೋಣೆಯ ಕಿಟಕಿ ಎಷ್ಟು ಹಗುರವಾಗಿ ಮೇಲೇರುತ್ತದೆ ಎಂದು ಆಶ್ಚರ್ಯಪಡುತ್ತ ಎರಡು ಮೂರು ಸಲ ಎತ್ತಿ ಇಳಿಸಿದಳು. ಆ ಹೊತ್ತಿಗೆ ಮನೆಯವರು ಹೊರಗಿರಬೇಕೆಂಬುದು ಅಲ್ಲಿನ ಪದ್ಧತಿ. ನಾನು ಹೋಗಿರಲಿಲ್ಲ. ಅವಳನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಈಗ ಈ ಕಿಟಕಿಗಳಿಂದ ಅಪಾಯವಿಲ್ಲ, ಪರೀಕ್ಷೆ ಮಾಡಿಸಿದ ಕಾಗದಗಳಿವೆ ಎಂದೂ ಹೇಳಿದೆ. ಏಜೆಂಟ್ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು. ಆ ಹೆಂಗಸು ಎಲ್ಲ ಕೇಳಿಸಿಕೊಂಡು, ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು, "ನಿಮ್ಮ ಮಗಳು ಎಲ್ಲಿದ್ದಾಳೆ? ನೋಡಬಹುದಾ?" ಎಂದಳು.

ಮಗಳು ಹಿಂದಿನ ಅಂಗಳದಲ್ಲಿ ಅಪ್ಪನ ಜೊತೆ ಹಳೆಯ ಸಾಮಾನು ಡಬ್ಬಗಳಿಗೆ ತುಂಬುತ್ತಿದ್ದಳು. ಆ ಹೆಂಗಸು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳನ್ನು ತುಂಬ ಹೊತ್ತು ನೋಡಿದಳು. ಮಗಳು ಕೈ ಬೀಸಿದಳು. ಅವಳೂ ಬೀಸಿದಳು.

ಅವರು ಆ ಮನೆ ಕೊಳ್ಳಲಿಲ್ಲ. ಬೆಲೆ ಇಳಿಸಿದ ಮೇಲೆ ಬೇರೆ ಯಾರೋ ಕೊಂಡರು. ಅವರಿಗೂ ಹೇಳಿದೆ.